ಮೇಜಿನ ಮೇಲೊಂದು ಕೊಡಗಿನ ರೈಲು: ಗುಡ್ಡ, ತೋಟ, ನಿಲ್ದಾಣ ಕಟ್ಟುವ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ರೈಲು ಹಳಿ ನೋಡಬೇಕೆಂದರೆ ಕಾಡಂಚಿಗೆ ಹೋಗಬೇಕು. ಆನೆ ಊರಿಗೆ ದಾಟದಂತೆ ಹಳೇ ಹಳಿಗಳನ್ನು ನೆಟ್ಟು, ಅಡ್ಡಡ್ಡ ಬಿಗಿದು ಅಲ್ಲಲ್ಲಿ ಬೇಲಿ ಮಾಡಿದ್ದಾರೆ. ಓಡುವ ರೈಲು ಈ ಜಿಲ್ಲೆಗೆ ಇನ್ನೂ ಬಂದಿಲ್ಲ. ಹಾಗಾಗಿ ಇಲ್ಲಿ ಕೂತು ಮಾದರಿ ರೈಲು ಕಟ್ಟುವವರು ಕಟ್ಟುವುದು ಕಲ್ಪನೆಯ ಮಾರ್ಗವನ್ನೇ. ನಿಲ್ದಾಣ ಎಲ್ಲಿತ್ತು, ಎಂಜಿನ್‌ಗೆ ಯಾವ ಬಣ್ಣ ಎಂದು ಯಾರೂ ತಗಾದೆ ತೆಗೆಯುವುದಿಲ್ಲ. ಆದರೆ ಮಣ್ಣಿನ ಬಣ್ಣ, ಗದ್ದೆಯ ಬದು, ತೋಟದ ನೆರಳು ತಪ್ಪಿದರೆ ಮನೆಗೆ ಬಂದ ನೆಂಟರೂ ‘ಇದು ನಮ್ಮೂರಲ್ಲ’ ಎಂದುಬಿಡುತ್ತಾರೆ. ರೈಲು ಕಲ್ಪನೆಯದ್ದಾದರೆ ನೆಲ ಪೂರ್ತಿ ನಿಜವಾಗಿರಬೇಕು. ಈ ಬರಹವೆಲ್ಲ ಆ ನೆಲದ ಬಗ್ಗೆ.

ಪ್ಯಾಕೆಟ್ಟಿನಲ್ಲಿ ಸಿಗುವ ಅಲಂಕಾರ ಸಾಮಗ್ರಿ ಹೆಚ್ಚಾಗಿ ಯುರೋಪು, ಅಮೆರಿಕದ ನೆಲಕ್ಕೆ ತಕ್ಕಂತೆ ಮಾಡಿದ್ದು: ಪೈನ್ ಮರ, ಬೂದು ಬಂಡೆ, ತಿಳಿಹಸಿರು ಹುಲ್ಲು. ಅವನ್ನು ತಂದು ಹಾಕಿದರೆ ಮಡಿಕೇರಿ ಆಗುವುದಿಲ್ಲ. ನಮಗೆ ಬೇಕಾದ ಬಹುಪಾಲು ಸಾಮಾನು ಅಂಗಳದಲ್ಲೂ ಅಡುಗೆಮನೆಯಲ್ಲೂ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ.

ಅಳತೆ ಮತ್ತು ಹಲಗೆ

ಇಲ್ಲಿ ಹೇಳುವ ಅಳತೆಗಳೆಲ್ಲ ಎಚ್‌ಒ ಸ್ಕೇಲಿನವು, ಅಂದರೆ 1:87. ಹಳಿಗಳ ನಡುವೆ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಇರುವುದರಿಂದ ಲೆಕ್ಕಕ್ಕೆ ಸರಿಯಾಗಿ 19 ಮಿ.ಮೀ. ದಾಟಬೇಕು, ಆದರೂ ಸಿಗುವ ಹಳಿ 16.5 ಆದ್ದರಿಂದ ಅದನ್ನೇ ಒಪ್ಪಿಕೊಳ್ಳುವುದು ಜಾಣತನ. ಜಾಗ ತೀರಾ ಕಡಿಮೆ ಇದ್ದವರಿಗೆ ಇನ್ನೊಂದು ದಾರಿಯಿದೆ. ಎನ್ ಗೇಜಿನ 9 ಮಿ.ಮೀ. ಹಳಿಯ ಮೇಲೆ 1:87 ಅಳತೆಯ ಬೋಗಿ ಓಡಿಸಿದರೆ ಅದು ಕಾಲ್ಕಾ–ಶಿಮ್ಲಾ ಮಾರ್ಗದಂಥ 762 ಮಿ.ಮೀ. ನ್ಯಾರೋಗೇಜಿಗೆ ಹತ್ತಿರವಾಗುತ್ತದೆ. ಗುಡ್ಡಗಾಡಿನ ಪುಟ್ಟ ರೈಲಿಗೆ ಅದು ಚೆನ್ನಾಗಿ ಒಪ್ಪುತ್ತದೆ, ತಿರುವುಗಳೂ ಚಿಕ್ಕ ಜಾಗದಲ್ಲಿ ಮುಗಿಯುತ್ತವೆ.

ಯಾವ ವಸ್ತುವಿನ ಅಳತೆಯನ್ನೇ ಆಗಲಿ 87ರಿಂದ ಭಾಗಿಸಿ ಗೋಡೆಗೊಂದು ಪಟ್ಟಿ ಅಂಟಿಸಿಕೊಳ್ಳಿ. ಐದೂವರೆ ಅಡಿ ಮನುಷ್ಯ 19 ಮಿ.ಮೀ., ಏಳಡಿ ಬಾಗಿಲು 24 ಮಿ.ಮೀ., ಹತ್ತಡಿ ಅಂತರದಲ್ಲಿ ನೆಟ್ಟ ರೊಬಸ್ಟಾ ಕಾಫಿ ಗಿಡಗಳ ನಡುವೆ 35 ಮಿ.ಮೀ. ಕಣ್ಣಂದಾಜಿನಲ್ಲಿ ಮಾಡಿದ ಬಾಗಿಲು ಯಾವಾಗಲೂ ದೊಡ್ಡದಾಗುತ್ತದೆ.

ಹಲಗೆಗೆ 8×4 ಅಡಿಯ ಪ್ಲೈವುಡ್ ಹಾಳೆ ಸಾಕು. 12 ಮಿ.ಮೀ. ದಪ್ಪ, ನೀರು ತಡೆಯುವ ದರ್ಜೆಯದ್ದೇ ಇರಲಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅಗ್ಗದ ಪ್ಲೈ ಒಂದೇ ಮಳೆಗಾಲಕ್ಕೆ ಉಬ್ಬಿ ಹಳಿಯ ಮಟ್ಟ ಕೆಡಿಸುತ್ತದೆ. ಅಡಿಭಾಗಕ್ಕೂ ಅಂಚಿಗೂ ಪ್ರೈಮರ್ ಹೊಡೆಯಿರಿ. ಕೈ ಸಲೀಸಾಗಿ ಚಾಚುವುದು 75 ಸೆಂ.ಮೀ. ಮಾತ್ರ, ಆದ್ದರಿಂದ ನಾಲ್ಕಡಿ ಅಗಲದ ಹಲಗೆಯನ್ನು ಗೋಡೆಗೆ ಒತ್ತಿ ಇಡಬೇಡಿ.

ಇನ್ನು ಏರು-ಇಳಿವು. ನಮಗೆ ಹತ್ತಿರದ ನಿಜವಾದ ಮಾದರಿ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಘಟ್ಟ ಮಾರ್ಗ. ಸುಮಾರು 55 ಕಿ.ಮೀ.ನಲ್ಲಿ 57 ಸುರಂಗ, 50ಕ್ಕೆ 1ರ ಏರು. ಅದೇ ಏರನ್ನು ಮೇಜಿನ ಮೇಲೆ ತಂದರೆ ಒಂದು ಮೀಟರಿಗೆ 2 ಸೆಂ.ಮೀ. ಮಾತ್ರ. ಒಂದು ಹಳಿ ಇನ್ನೊಂದರ ಮೇಲೆ ದಾಟಲು ಬೇಕಾದ 8 ಸೆಂ.ಮೀ. ಏರಲು 4 ಮೀಟರ್ ಹಳಿ ಬೇಕು, ಅಷ್ಟು ಜಾಗ ಇಲ್ಲ. ಹಾಗಾಗಿ ಹಳಿಯನ್ನು ಸಮತಟ್ಟಾಗಿಯೇ ಬಿಟ್ಟು ನೆಲವನ್ನು ಇಳಿಸಿ: ಹಳಿಯನ್ನು ಹಲಗೆಯಿಂದ 6–7 ಸೆಂ.ಮೀ. ಎತ್ತರದ ಫೋಮ್ ದಿಬ್ಬದ ಮೇಲೆ ಹಾಸಿ, ಒಂದು ಪಕ್ಕ ಗದ್ದೆಯ ಬಯಲು ಕೆಳಗಿಳಿಯಲಿ, ಇನ್ನೊಂದು ಪಕ್ಕ ಗುಡ್ಡ ಏಳಲಿ. ರೈಲು ಘಟ್ಟದ ಅಂಚಿನಲ್ಲೇ ಹೋಗುತ್ತಿದೆ ಎನ್ನಿಸಲು ಇಷ್ಟು ಸಾಕು.

ಕೆಲಸ ಶುರುಮಾಡುವ ಮುಂಚೆ ಕಾಲವನ್ನೂ ನಿಶ್ಚಯಿಸಿಕೊಳ್ಳಬೇಕು. ನಾನು ಹೇಳುವುದು ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಆಸುಪಾಸು, ಡಿಸೆಂಬರಿನ ಮೊದಲ ವಾರಗಳು. ಗದ್ದೆ ಹೊಂಬಣ್ಣಕ್ಕೆ ತಿರುಗಿರುತ್ತದೆ, ಅರೇಬಿಕಾ ಕುಯ್ಲು ನಡೆದಿರುತ್ತದೆ, ಕಣದಲ್ಲಿ ಕಾಫಿ ಹರಡಿರುತ್ತದೆ, ಗುಡ್ಡದಲ್ಲಿ ಹಸಿರಿನ್ನೂ ಉಳಿದಿರುತ್ತದೆ. ಒಂದೇ ಹಲಗೆಯ ಮೇಲೆ ಇಷ್ಟು ಬಣ್ಣ ಸಿಗುವ ತಿಂಗಳು ಬೇರೆ ಇಲ್ಲ. ಒಮ್ಮೆ ಆರಿಸಿದ ಮೇಲೆ ಕಾಫಿ ಹೂವನ್ನೂ ನಾಟಿ ಗದ್ದೆಯನ್ನೂ ಅದರೊಳಗೆ ತುರುಕಬೇಡಿ. ಹೂ ಬರುವುದು ಫೆಬ್ರುವರಿ-ಮಾರ್ಚಿನ ಹೂಮಳೆಯ ನಂತರ, ನಾಟಿ ಮಳೆಗಾಲದಲ್ಲಿ.

ಗುಡ್ಡ ಎಬ್ಬಿಸುವುದು

ಕಟ್ಟಡ ನಿರೋಧಕಕ್ಕೆ ಬಳಸುವ ಗಟ್ಟಿ ಫೋಮ್ ಹಲಗೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಥರ್ಮಾಕೋಲ್ ಆದೀತು, ಆದರೆ ಕತ್ತರಿಸುವಾಗ ಮನೆ ತುಂಬ ಕಾಳು ಹಾರುತ್ತದೆ. ಅಂಟಿಸಲು ಬಿಳಿ ಫೆವಿಕಾಲ್ ಮಾತ್ರ. ಚಪ್ಪಲಿ, ಲ್ಯಾಮಿನೇಟ್ ಅಂಟಿಸುವ ರಬ್ಬರ್ ಗಮ್ಮೂ ಸ್ಪ್ರೇ ಪೇಂಟೂ ಥರ್ಮಾಕೋಲನ್ನು ಕರಗಿಸಿಬಿಡುತ್ತವೆ.

ಪದರ ಪದರವಾಗಿ ಅಂಟಿಸಿ, ಒಂದು ರಾತ್ರಿ ಭಾರ ಹೇರಿ ಬಿಟ್ಟು, ಮರುದಿನ ಉದ್ದ ಬ್ಲೇಡಿನ ಚಾಕುವಿನಿಂದ ಕೆತ್ತಿ. ಕೊಡಗಿನ ಗುಡ್ಡದ ಬೆನ್ನು ದುಂಡಗಿರುತ್ತದೆ. ಚೂಪು ಶಿಖರ ಮಾಡಬೇಡಿ. ತಡಿಯಂಡಮೋಳಿನಂಥ 1,748 ಮೀ. ಬೆಟ್ಟಕ್ಕೂ ತುದಿಯಲ್ಲಿರುವುದು ಹುಲ್ಲಿನ ಬೋಳು, ಮಡಿಕೆಗಳಲ್ಲಿ ಮಾತ್ರ ದಟ್ಟ ಶೋಲಾ ಕಾಡು. ಅಷ್ಟು ದೊಡ್ಡ ಬೆಟ್ಟವನ್ನು ಹಲಗೆಯ ಮೇಲೆ ಕಟ್ಟಲಾಗದು, ಹಿಂದಿನ ಪರದೆಯ ಮೇಲೆ ಬರೆಯಬೇಕು. ದೂರ ಹೋದಂತೆಲ್ಲ ಹಸಿರಿಗೆ ನೀಲಿ ಮತ್ತು ಬಿಳಿ ಬೆರೆಸುತ್ತ ಮೂರು ಸಾಲು ಬೆಟ್ಟ ಬರೆದರೆ ಸಾಕು.

ಕೆಳಗಿನಿಂದ ಮೇಲಕ್ಕೆ ಕ್ರಮ ಹೀಗಿರಲಿ: ತಗ್ಗಿನಲ್ಲಿ ಗದ್ದೆ, ಅದರ ಅಂಚಿಗೆ ತೊರೆ, ಗದ್ದೆಗಿಂತ ತುಸು ಮೇಲೆ ಮನೆ ಮತ್ತು ಕಣ, ಅದರ ಹಿಂದೆ ತೋಟ, ತುದಿಗೆ ಬಾಣೆ (ಗದ್ದೆಗೆ ಸೇರಿದ ಹುಲ್ಲು-ಮರದ ಜಾಗ) ಅಥವಾ ಕಾಡು. ಹಳಿಯನ್ನು ಗದ್ದೆಗೂ ತೋಟಕ್ಕೂ ನಡುವೆ ಹಾಯಿಸಿ. ಗದ್ದೆಯ ಮಡಿಗಳಿಗೆ 3 ಮಿ.ಮೀ. ಫೋಮ್ ಹಾಳೆಯನ್ನು ಗುಡ್ಡದ ಬಾಗಿಗೆ ತಕ್ಕಂತೆ ಕತ್ತರಿಸಿ ಮೆಟ್ಟಿಲಾಗಿ ಕೂರಿಸಿ. ನೇರ ಗೆರೆಯ ಗದ್ದೆ ಬಯಲುಸೀಮೆಯದ್ದಾಗುತ್ತದೆ. ಬದುವಿಗೆ ದಪ್ಪ ಸೆಣಬಿನ ದಾರವನ್ನು ಫೆವಿಕಾಲಿನಲ್ಲಿ ಅದ್ದಿ ಅಂಚಿಗೆ ಹಾಸಿದರೆ ಕೈಯಿಂದ ಮೆತ್ತಿದ ಮಣ್ಣಿನಂತೆಯೇ ಅಂಕುಡೊಂಕಾಗಿ ಕೂರುತ್ತದೆ.

ಕೆತ್ತಿದ ಗುಡ್ಡದ ಮೇಲೆ ಮೆಡಿಕಲ್ ಅಂಗಡಿಯ ಪ್ಲಾಸ್ಟರ್ ಬ್ಯಾಂಡೇಜನ್ನು ತುಂಡುಮಾಡಿ, ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಅರ್ಧ ಬರುವಂತೆ ಹೊದಿಸಿ. ಹತ್ತು ನಿಮಿಷದೊಳಗೆ ಬಿಗಿಯುತ್ತದೆ, ಪೂರ್ತಿ ಒಣಗಲು ಒಂದೆರಡು ದಿನ ಬಿಡಿ. ಹಳೇ ಪೇಪರಿಗೆ ಮೈದಾ ಗೋಂದು ಹಚ್ಚಿ ಹೊದಿಸುವವರು ಗೋಂದಿಗೆ ಚಿಟಿಕೆ ಮೈಲುತುತ್ತ ಹಾಕಲೇಬೇಕು, ಇಲ್ಲದಿದ್ದರೆ ಬೂಷ್ಟು, ಹುಳ ಎರಡೂ ಬರುತ್ತವೆ. ಗಿಡಗಳಿಗೆ ಸಿಂಪಡಿಸುವ ಬೋರ್ಡೋ ಮಿಶ್ರಣಕ್ಕೆಂದು ಪ್ರತಿ ತೋಟದ ಮನೆಯಲ್ಲೂ ಅದು ಇದ್ದೇ ಇರುತ್ತದೆ. ವಿಷ ಅದು, ಕೈಗವಸು ಹಾಕಿ, ಅಡುಗೆ ಪಾತ್ರೆ ಮುಟ್ಟಿಸಬೇಡಿ, ಮಕ್ಕಳನ್ನು ದೂರವಿಡಿ.

ಒಣಗಿದ ಮೇಲೆ ಬಿಳಿ ಒಂದಿಷ್ಟೂ ಕಾಣದಂತೆ ಕೆಂಗಂದು ಬಣ್ಣದ ಒಂದು ಕೋಟ್.

ಮಣ್ಣು, ಕಟಿಂಗ್, ಜಲ್ಲಿ

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಕೊಡಬೇಕಾದ ಹಂತ ಇದು. ಬಣ್ಣದಿಂದ ಮಣ್ಣು ಮಾಡುವುದಕ್ಕಿಂತ ಮಣ್ಣನ್ನೇ ಬಳಸಿ. ರಸ್ತೆ ಬದಿಯ ಬರೆಯಿಂದ, ಅಂದರೆ ಕಡಿದಾದ ಮಣ್ಣಿನ ದಂಡೆಯಿಂದ, ಒಂದು ಬಕೆಟ್ ಕೆಂಪು ಮಣ್ಣು ತಂದು ಬಿಸಿಲಲ್ಲಿ ಒಣಗಿಸಿ, ಹಳೇ ಬಾಣಲೆಯಲ್ಲಿ ಹದವಾಗಿ ಹುರಿಯಿರಿ. ಇರುವೆ ಮೊಟ್ಟೆ, ಬೀಜ, ಬೂಷ್ಟು ಎಲ್ಲ ಸಾಯುತ್ತದೆ. ತಣಿದ ಮೇಲೆ ಕುಟ್ಟಿ, ಮೊದಲು ಹಿಟ್ಟಿನ ಜರಡಿ, ಆಮೇಲೆ ತೆಳು ಬಟ್ಟೆ. ಮೂರು ಬಗೆಯ ಪುಡಿ ಸಿಗುತ್ತದೆ: ಬಟ್ಟೆಯಲ್ಲಿ ಇಳಿದದ್ದು ರಸ್ತೆಗೆ, ಜರಡಿಯಲ್ಲಿ ಇಳಿದದ್ದು ತೋಟದ ನೆಲಕ್ಕೆ, ಉಳಿದ ಉಂಡೆ ಕಟಿಂಗಿನ ಬುಡಕ್ಕೆ.

ಇಲ್ಲಿ ಒಂದು ಕೆಲಸ ಬಿಡಲೇಬಾರದು. ಪ್ಲಾಸ್ಟಿಕ್ ಚೀಲದೊಳಗೆ ಅಯಸ್ಕಾಂತ ಹಾಕಿ ಪುಡಿಯೊಳಗೆ ನಿಧಾನವಾಗಿ ಆಡಿಸಿ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಕಣ ಇರುತ್ತದೆ. ಕರಿ ಪುಡಿ ಚೀಲಕ್ಕೆ ಗಡ್ಡದಂತೆ ಅಂಟಿಕೊಂಡು ಬರುವುದನ್ನು ನೀವೇ ನೋಡುತ್ತೀರಿ. ಅದು ಹಳಿಯ ಮೇಲೆ ಉಳಿದರೆ ಎಂಜಿನ್ನಿನ ಮೋಟಾರಿನ ಅಯಸ್ಕಾಂತಕ್ಕೆ ಎಳೆದುಕೊಂಡು ಮೋಟಾರನ್ನೇ ಕೆಡಿಸುತ್ತದೆ. ಏನೂ ಅಂಟದ ತನಕ ಮಾಡಿ.

ಕಟಿಂಗ್ ಅಂದರೆ ಹಳಿಗಾಗಿ ಗುಡ್ಡ ಕಡಿದ ಗೋಡೆ. ನಮ್ಮಲ್ಲಿ ಅದು ಹೆಚ್ಚಾಗಿ ಕೆಂಪು ಬರೆ, ನಡುವೆ ಎಲ್ಲೋ ಒಂದು ಕರಿಕಲ್ಲು. ಎರಡು ಪಾಲು ಮಣ್ಣು, ಒಂದು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್, ಕಲಸುವಷ್ಟು ಫೆವಿಕಾಲ್ ನೀರು. ಕಡಿದಾದ ಫೋಮಿನ ಮುಖಕ್ಕೆ ಅರ್ಧ ಸೆಂ.ಮೀ. ದಪ್ಪ ಮೆತ್ತಿ, ಅರೆ ಒಣಗಿದಾಗ ಹಳೇ ಟೂತ್‌ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಮಾತ್ರ ಎಳೆಯಿರಿ. ಮಳೆನೀರು ಇಳಿದ ಕೊರಕಲು ಮೂಡುತ್ತದೆ. ಬ್ರಷ್ ಅಡ್ಡಕ್ಕೆ ಹೋಯಿತೋ, ಗಾರೆ ಗೋಡೆಯಾಗುತ್ತದೆ. ಉದುರಿದ ಪುಡಿಯನ್ನು ಗುಡಿಸಬೇಡಿ, ಬುಡದಲ್ಲೇ ಬಿಡಿ. ಕುಸಿದ ಮಣ್ಣು ಇಲ್ಲದ ಬರೆ ಕೊಡಗಿನಲ್ಲಿ ಇಲ್ಲ. ಮೇಲ್ಭಾಗದ ನಾಲ್ಕೈದು ಮಿ.ಮೀ.ಗೆ ಕಡುಗಂದು ಮೇಲ್ಮಣ್ಣಿನ ಗೆರೆ, ಅಲ್ಲಿಂದ ಕೆಳಕ್ಕೆ ಜೋತ ಬೇರುಗಳಿಗೆ ತೆಂಗಿನ ನಾರಿನ ಎಳೆ. ಕೊನೆಗೆ ಹಸಿರು-ಕಪ್ಪು ಬಣ್ಣವನ್ನು ಬಹಳ ತೆಳ್ಳಗೆ ಮಾಡಿ ನೆರಳಿನ ಭಾಗಕ್ಕೆ ಹಚ್ಚಿದರೆ ಪಾಚಿ.

ಕರಿಕಲ್ಲಿಗೆ ಅಡುಗೆಯ ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ, ಬಿಡಿಸಿ, ಹಸಿ ಪ್ಲಾಸ್ಟರಿಗೆ ಒತ್ತಿ ಎತ್ತಿ. ಬಂಡೆಯ ಮುಖ ಬರುತ್ತದೆ.

ಹಳಿಯ ಜಲ್ಲಿ ನಿಜದಲ್ಲಿ 5–6 ಸೆಂ.ಮೀ. ಇರುತ್ತದೆ, ನಮ್ಮ ಅಳತೆಗೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಎಂ-ಸ್ಯಾಂಡನ್ನು ಟೀ ಸೋಸುವ ಜರಡಿಯಲ್ಲಿ ಹಾಯಿಸಿ, ತೊಳೆದು, ಒಣಗಿಸಿ, ಅದಕ್ಕೂ ಅಯಸ್ಕಾಂತ ಹಿಡಿಯಿರಿ. ಸ್ಲೀಪರುಗಳ (ಹಳಿಯಡಿಯ ಅಡ್ಡಪಟ್ಟಿಗಳ) ನಡುವೆ ಚಮಚದಿಂದ ಸುರಿದು ಮೃದು ಬ್ರಷ್ಷಿನಿಂದ ಸಮ ಮಾಡಿ. ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಬೆರೆಸಿದ ನೀರನ್ನು ಸಿಂಪಡಿಸಿ ಪೂರ್ತಿ ತೋಯಿಸಿದ ಮೇಲೆ, ಒಂದಕ್ಕೆರಡು ನೀರು ಬೆರೆಸಿದ ಫೆವಿಕಾಲನ್ನು ಡ್ರಾಪರಿನಿಂದ ಹನಿಸಿ. ಸೋಪು ಇಲ್ಲದಿದ್ದರೆ ಅಂಟು ಮಣಿಮಣಿಯಾಗಿ ನಿಂತು ಜಲ್ಲಿಯನ್ನು ಚದುರಿಸುತ್ತದೆ. ರೈಲಿನ ದಾರಿ ಬದಲಿಸುವ ಪಾಯಿಂಟುಗಳ ಆಡುವ ಭಾಗಕ್ಕೆ ಜಲ್ಲಿಯೂ ಬೇಡ, ಅಂಟೂ ಬೇಡ.

ತೋಟ

ಕೊಡಗಿನ ಮಾದರಿಯ ಜೀವ ಇರುವುದು ತೋಟದಲ್ಲಿ. ಅದು ಮೂರು ಅಂತಸ್ತಿನ ಕಾಡು. ಕೆಳಗೆ ಕಾಫಿ, ನಡುವೆ ಹಾಲುವಾಣ ಮತ್ತು ಹಲಸಿನಂಥ ಮರ, ಮೇಲೆ ಸಿಲ್ವರ್ ಓಕ್, ಮತ್ತಿ, ನಂದಿ, ಬೀಟೆ. ಈ ಮೂರೂ ಇಲ್ಲದೆ ಬರೀ ಕಾಫಿ ಗಿಡ ಸಾಲಾಗಿ ನೆಟ್ಟರೆ ನೋಡಿದವರು ಟೀ ತೋಟ ಎನ್ನುತ್ತಾರೆ.

ನೆಲದಿಂದ ಶುರುಮಾಡಿ. ತೋಟದ ನೆಲದಲ್ಲಿ ಹುಲ್ಲಿಗಿಂತ ತರಗೆಲೆ ಹೆಚ್ಚು. ಸೋಸಿ ಉಳಿದ ಕಾಫಿ ಚರಟ ಮತ್ತು ಟೀ ಸೊಪ್ಪನ್ನು ಗರಿಗರಿಯಾಗುವ ತನಕ ಬಿಸಿಲಲ್ಲಿ ಒಣಗಿಸಿ, ಫೆವಿಕಾಲ್ ಬಳಿದ ನೆಲಕ್ಕೆ ಉದುರಿಸಿ, ಮೇಲೊಂದು ಪದರ ಅಂಟಿನ ನೀರು ಸಿಂಪಡಿಸಿ ಮುಚ್ಚಿಬಿಡಿ. ಹಸಿ ಉಳಿದರೆ ಬೂಷ್ಟು ಗ್ಯಾರಂಟಿ.

ಎಲೆಗಳಿಗೆ ಹಳೇ ಸೋಫಾ, ದಿಂಬಿನ ಸ್ಪಂಜು. ಸಣ್ಣಗೆ ಹರಿದು, ಬಳಸದ ಮಿಕ್ಸಿ ಜಾರಿನಲ್ಲಿ ನೀರು ಹಾಕಿ ತಿರುಗಿಸಿ ಹಿಂಡಿ. ಕಡುಹಸಿರು, ಹಳದಿಹಸಿರು, ಬೂದುಹಸಿರು ಮೂರು ಬಣ್ಣದಲ್ಲಿ ಅದ್ದಿ ಪೇಪರ್ ಮೇಲೆ ಒಣಗಿಸಿ. ಇಡೀ ತೋಟಕ್ಕೆ ಒಂದೇ ಹಸಿರು ಹಾಕುವುದು ಹೊಸಬರೆಲ್ಲ ಮಾಡುವ ಕೆಲಸ. ಕಾಫಿಯದ್ದು ಮಿನುಗುವ ಕಡುಹಸಿರು, ಸಿಲ್ವರಿನದ್ದು ಬೂದು ಬೆರೆತ ಹಸಿರು.

ಕಾಫಿ ಗಿಡಕ್ಕೆ ಗಟ್ಟಿ ಸ್ಪಂಜನ್ನು ಕೈಯಿಂದ ಹರಿಯಿರಿ, ಕತ್ತರಿ ಬೇಡ. ಐದಾರಡಿಗೆ ಚಿಗುರು ಕಡಿದ ರೊಬಸ್ಟಾ ನಮ್ಮ ಅಳತೆಗೆ 18–20 ಮಿ.ಮೀ.; ಮೇಲೆ ಚಪ್ಪಟೆ, ಅಂಚು ಜೋತ ಕೊಡೆಯ ಆಕಾರ. ಅಂಟು ಸವರಿ ಕಡುಹಸಿರು ಪುಡಿಯಲ್ಲಿ ಹೊರಳಿಸಿ, ಅರ್ಧ ಗುಂಡುಪಿನ್ ಚುಚ್ಚಿ ನೆಡಿ. 30 ಸೆಂ.ಮೀ. ಚೌಕಕ್ಕೆ 35 ಮಿ.ಮೀ. ಅಂತರದಲ್ಲಿ ಸುಮಾರು 70 ಗಿಡ ಬೇಕಾಗುತ್ತದೆ. ಅರೇಬಿಕಾಗೆ ಅಂತರ 21–24 ಮಿ.ಮೀ. ಇಳಿಯುವುದರಿಂದ ಗಿಡ ಎರಡು ಪಟ್ಟಿಗೂ ಹೆಚ್ಚು. ಸಂಜೆ ಕೂತು ಮಾಡುವ ಕೆಲಸ ಇದು, ಮನೆಯವರೆಲ್ಲ ಕೈಹಾಕಬಹುದು. ಹಣ್ಣನ್ನು ಒಂದೊಂದಾಗಿ ಚುಕ್ಕಿ ಇಡಬೇಡಿ. ಈ ಅಳತೆಯಲ್ಲಿ ಒಂದು ಹಣ್ಣು ಸಾಸಿವೆಗಿಂತ ಎಷ್ಟೋ ಸಣ್ಣದು. ಒಣ ಸ್ಪಂಜಿನ ತುದಿಗೆ ಕಡುಕೆಂಪು ತಾಗಿಸಿ, ಪೇಪರಿಗೆ ಒರೆಸಿ, ಉಳಿದದ್ದನ್ನು ಗಿಡದ ಪಕ್ಕಕ್ಕೆ ತಾಗಿಸಿದರೆ ಸಾಕು.

ಸಿಲ್ವರ್ ಓಕಿಗೆ ಬಿದಿರು ಕಡ್ಡಿ. ನಿಜದಲ್ಲಿ 25 ಮೀ. ಎತ್ತರದ ಮರ ಇಲ್ಲಿ 29 ಸೆಂ.ಮೀ. ಆಗಬೇಕು, ಆದರೆ ಅಷ್ಟು ಎತ್ತರ ರೈಲನ್ನೇ ನುಂಗುತ್ತದೆ. ಮುಂದಿನವು 17 ಸೆಂ.ಮೀ., ಹಿಂದೆ ಹೋದಂತೆ 12, 10 ಎಂದು ಇಳಿಸಿ. ತೋಟ ಆಳವಾಗಿ ಕಾಣುತ್ತದೆ. ಕಾಂಡಕ್ಕೆ ಬೂದು ಬಣ್ಣ, ಮೇಲಿನ ಮೂರನೇ ಒಂದು ಭಾಗಕ್ಕೆ ಸಣ್ಣ ರಂಧ್ರ ಕೊರೆದು ನಾರಿನ ಎಳೆ ಸಿಕ್ಕಿಸಿ ಎಲೆ ಪುಡಿ ಉದುರಿಸಿ. ಇನ್ನು ಮೆಣಸಿನ ಬಳ್ಳಿ: ಬುಡದಿಂದ ಮುಕ್ಕಾಲು ಎತ್ತರದವರೆಗೆ ಕಾಂಡಕ್ಕೆ ಅಂಟು ಬಳಿದು ಕಡುಹಸಿರು ಪುಡಿಯಲ್ಲಿ ಉರುಳಿಸಿ. ಬುಡದಲ್ಲಿ ದಪ್ಪ, ಮೇಲೆ ತೆಳು. ಈ ಹಸಿರು ಕಂಬಗಳನ್ನು ಕಂಡ ಕೂಡಲೇ ಯಾರಾದರೂ ಊರನ್ನು ಗುರುತಿಸುತ್ತಾರೆ. ಕಾಡುಮರಗಳಿಗೆ ಹಳೇ ವೈಂಡಿಂಗ್ ತಂತಿಯ ಏಳೆಂಟು ಎಳೆ ಹೊಸೆದು, ಮೇಲೆ ಕವಲು ಬಿಡಿಸಿ, ಮಣ್ಣು-ಫೆವಿಕಾಲ್ ಬಳಿದು ಕಾಂಡ ಮಾಡಿ.

ಗದ್ದೆಗೆ ಗೋಣಿ ನಾರು: 8–10 ಮಿ.ಮೀ. ತುಂಡುಗಳನ್ನು ಚಿಕ್ಕ ಚಿಕ್ಕ ಗೊಂಚಲಾಗಿ ನಿಲ್ಲಿಸಿ ಅಂಟಿಸಿ, ತುದಿಗೆ ಹೊಂಬಣ್ಣ. ಅರ್ಧ ಗದ್ದೆ ಕುಯ್ದಂತೆ 2 ಮಿ.ಮೀ. ಕೂಳೆ ಬಿಟ್ಟರೆ ಕೆಲಸವೂ ಉಳಿಯುತ್ತದೆ, ಹುತ್ತರಿಯ ಹೊತ್ತೂ ಬರುತ್ತದೆ. ತೊರೆಗೆ ತಳದಲ್ಲಿ ಕಂದು-ಹಸಿರು ಬಳಿದು ಎಪಾಕ್ಸಿ ರೆಸಿನ್ ಸುರಿಯಿರಿ, ಒಂದು ಸಲಕ್ಕೆ 2–3 ಮಿ.ಮೀ. ಮಾತ್ರ. ತೇವದ ಗಾಳಿಯಲ್ಲಿ ರೆಸಿನ್ ಮಂಕಾಗುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಸುದ್ದಿಗೆ ಹೋಗಬೇಡಿ. ಪ್ಲಾಸ್ಟರ್, ರೆಸಿನ್ ಕೆಲಸಗಳೆಲ್ಲ ಡಿಸೆಂಬರ್‌ನಿಂದ ಏಪ್ರಿಲ್‌ಗೆ.

ಕಟ್ಟಡಗಳು

ಗೋಡೆಗೆ 2 ಮಿ.ಮೀ. ಮೌಂಟ್ ಬೋರ್ಡ್. ಮೊದಲು ಖಾಲಿ ರಟ್ಟಿನಲ್ಲಿ ಕಟ್ಟಡದ ಆಕಾರ ಮಾಡಿ ಹಲಗೆಯ ಮೇಲಿಟ್ಟು, ಹಳಿಯ ಪಕ್ಕ ರೈಲು ಓಡಿಸಿ ನೋಡಿ, ಎಲ್ಲೂ ತಾಗದಿದ್ದರೆ ಮಾತ್ರ ನಿಜವಾದದ್ದನ್ನು ಕತ್ತರಿಸಿ. ಬಾಗಿಲು-ಕಿಟಕಿಗಳನ್ನು ಗೋಡೆ ಜೋಡಿಸುವ ಮುಂಚೆಯೇ ತೆಗೆಯಿರಿ, ಒಳಗಿನ ಮೂಲೆಗಳಿಗೆ ಮರದ ಚೌಕ ಕಡ್ಡಿ ಕೊಡಿ. ಇಲ್ಲವಾದರೆ ತೇವಕ್ಕೆ ಗೋಡೆ ಬಾಗುತ್ತದೆ. ಎರಡೂ ಮುಖಕ್ಕೆ ಬಣ್ಣ ಹೊಡೆಯುವುದೂ ಅದೇ ಕಾರಣಕ್ಕೆ.

ಮಂಗಳೂರು ಹೆಂಚಿನ ಮಾಡು ಚೆನ್ನಾಗಿ ಬಂದರೆ ಉಳಿದ ಲೋಪಗಳು ಕಣ್ಣಿಗೆ ಬೀಳುವುದಿಲ್ಲ. ಒಂದು ಹೆಂಚು ಸುಮಾರು 41×24 ಸೆಂ.ಮೀ., ನಮ್ಮ ಅಳತೆಗೆ 4.7×2.8 ಮಿ.ಮೀ. ದಪ್ಪ ರಟ್ಟಿನ ಪೆಟ್ಟಿಗೆಯ ಅಲೆಗಳು ಇದಕ್ಕೆ ತೀರಾ ದೊಡ್ಡವು. ಸಣ್ಣ ಎಲೆಕ್ಟ್ರಾನಿಕ್ ಸಾಮಾನು ಬರುವ ತೆಳು ರಟ್ಟಿನ ಅಲೆ ಸುಮಾರು 3 ಮಿ.ಮೀ., ಅದೇ ಸರಿ. ಮೇಲಿನ ಕಾಗದವನ್ನು ಒದ್ದೆ ಮಾಡಿ ಸುಲಿದು, ಒಣಗಿಸಿ, ಅಲೆಗಳಿಗೆ ಅಡ್ಡವಾಗಿ 5 ಮಿ.ಮೀ. ಪಟ್ಟಿ ಕತ್ತರಿಸಿ. ಸೂರಿನಿಂದ ಶುರುಮಾಡಿ ಮೇಲಕ್ಕೆ, ಪ್ರತಿ ಪಟ್ಟಿಯೂ ಕೆಳಗಿನದ್ದರ ಮೇಲೆ 1 ಮಿ.ಮೀ. ಹತ್ತುವಂತೆ ಅಂಟಿಸಿ. ಅಲೆಗಳು ಒಂದಕ್ಕೊಂದು ನೇರವಾಗಿ ಕೂರಬೇಕು. ತುದಿಗೆ ಮಡಿಚಿದ ಕಾಗದದ ಕೂಡುಹೆಂಚು. ಮೊದಲು ಇಟ್ಟಿಗೆಗೆಂಪು, ಒಣಗಿದ ಮೇಲೆ ಅಲ್ಲೊಂದು ಇಲ್ಲೊಂದು ಹೆಂಚಿಗೆ ಹೊಸ ಕೆಂಪು, ಬಾಕಿಯದ್ದಕ್ಕೆಲ್ಲ ಕಪ್ಪು ಶಾಯಿಯ ತೆಳು ನೀರು, ಮರದ ನೆರಳು ಬೀಳುವ ಕಡೆಗೆ ಪಾಚಿ. ಹತ್ತಾರು ಮಳೆಗಾಲ ಕಂಡ ಮಾಡಿನಲ್ಲಿ ಒಂದೇ ಬಣ್ಣ ಇರುವುದಿಲ್ಲ.

ನಿಲ್ದಾಣಕ್ಕೆ ಸುಣ್ಣದ ಗೋಡೆ, ಬುಡದಲ್ಲಿ ಮಳೆ ಸಿಡಿದ ಕೆಂಪು ಕಲೆ, ಮುಂದೆ ಅಗಲದ ಜಗಲಿ. ಹಳದಿ ಫಲಕದ ಮೇಲೆ ಕಪ್ಪಕ್ಷರದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಊರ ಹೆಸರು, ಕೆಳಗೆ ಸಮುದ್ರಮಟ್ಟದಿಂದ ಎತ್ತರ. ಇದನ್ನು ಕೈಯಲ್ಲಿ ಬರೆಯದೆ ಪ್ರಿಂಟ್ ಹಾಕಿಸಿ.

ಗದ್ದೆಯ ಮೇಲ್ಗಡೆ ಒಂದು ಐನ್‌ಮನೆ ಇಡುವುದಾದರೆ ಅದನ್ನು ರಸ್ತೆಗೆ ಅಂಟಿಸಬೇಡಿ. ಎರಡೂ ಬದಿ ದಿಬ್ಬವಿರುವ ಓಣಿಯಿಂದ ಅದಕ್ಕೆ ದಾರಿ ಬರಲಿ, ಮುಂದೆ ಗದ್ದೆ ಕಾಣಲಿ, ಜಗಲಿಯ ಕಂಬಗಳ ನಡುವೆ ಕೂರುವ ಮರದ ಹಲಗೆ ಐಮರ, ಪಕ್ಕದಲ್ಲಿ ಹಿರಿಯರ ಪುಟ್ಟ ಗುಡಿ ಕೈಮಡ. ಐನ್‌ಮನೆ ಒಂದು ಒಕ್ಕದ, ಅಂದರೆ ಕೊಡವ ಕುಲದ, ಹಿರಿಯರ ಮನೆ. ಹಿಂದೆ ಎಲ್ಲೋ ಅಲಂಕಾರಕ್ಕೆ ತಳ್ಳುವ ಬದಲು ಅದಕ್ಕೆ ಒಳ್ಳೆಯ ಜಾಗ ಕೊಟ್ಟು ಆಮೇಲೆ ಉಳಿದದ್ದನ್ನು ಯೋಚಿಸಿ. ಕಾರ್ಮಿಕರ ಲೈನ್ ಮನೆಗಳು ತೋಟದ ಅಂಚಿಗೆ ಸಾಲಾಗಿ, ಮಾಡಿಗೆ ತಗಡಿನ ಶೀಟ್, ಹೊರಗೆ ಬಟ್ಟೆ ಒಣಹಾಕಿದ ಹಗ್ಗ.

ಕಣ 14×10 ಸೆಂ.ಮೀ. ಇದ್ದರೆ ನಿಜದಲ್ಲಿ 12×9 ಮೀಟರಿನದ್ದು. ಸಿಮೆಂಟ್ ಬೂದಿ ಬಣ್ಣದ ಬೋರ್ಡಿನ ಮೇಲೆ ಅಂಟು ಬಳಿದು, ಒಂದು ಭಾಗಕ್ಕೆ ಕಾಫಿಪುಡಿ ಉದುರಿಸಿದರೆ ಚೆರ್ರಿ (ಇಡಿಯಾಗಿ ಒಣಗಿಸಿದ ಹಣ್ಣು), ಇನ್ನೊಂದು ಭಾಗಕ್ಕೆ ಹಳದಿ ಸಣ್ಣ ಮರಳು ಉದುರಿಸಿದರೆ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ಒಣಗಿಸಿದ ಬೀಜ). ಅಂಟು ಹಸಿ ಇರುವಾಗಲೇ ಬಾಚಣಿಗೆಯಿಂದ ಗೆರೆ ಎಳೆಯಿರಿ, ಕಾಫಿ ಎಳೆದು ತಿರುವಿದ ಸಾಲು ಮೂಡುತ್ತದೆ.

ಸುರಂಗದ ಬಾಯಿಗೆ ಕಲ್ಲಿನ ಕಮಾನು, ಹಳಿಯಿಂದ ಕನಿಷ್ಠ 76 ಮಿ.ಮೀ. ಎತ್ತರ. ತಿರುವಿನಲ್ಲಿ ಉದ್ದ ಬೋಗಿಯ ಮೂಲೆ ಹೊರಕ್ಕೂ ನಡು ಒಳಕ್ಕೂ ಚಾಚುತ್ತದೆ, ಆದ್ದರಿಂದ ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಕೈಯಲ್ಲಿ ತಳ್ಳಿ ನೋಡಿ. ಗುಡ್ಡದ ಹಿಂಬದಿಗೆ ಕೈ ತೂರುವಷ್ಟು ಕಿಂಡಿ ಬಿಡಿ. ರೈಲು ಹಳಿ ತಪ್ಪುವುದು ಸುರಂಗದೊಳಗೇ. ಮಿಕ್ಕ ಹಳಿಯ ತುಂಡುಗಳಿದ್ದರೆ ಕಾಡಂಚಿಗೆ ನೆಟ್ಟು ಆನೆ ತಡೆಬೇಲಿ ಮಾಡಿ, ತುಕ್ಕಿನ ಬಣ್ಣ ಕೊಡಿ.

ಮಳೆಗಾಲ ದಾಟಿಸುವುದು

ಹಳಿ ಕೊಳ್ಳುವಾಗಲೇ ನಿಕ್ಕಲ್ ಸಿಲ್ವರಿನದ್ದು ಕೊಳ್ಳಿ, ಉಕ್ಕಿನದ್ದು ಇಲ್ಲಿನ ಗಾಳಿಗೆ ತುಕ್ಕು ಹಿಡಿಯುತ್ತದೆ. ಮೇ ಕೊನೆಗೆ ಹಳಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಎಂಜಿನ್, ಬೋಗಿಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿ. ಹಲಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಬೇಡಿ, ಒಳಗೆ ತೇವ ನಿಂತು ಬೂಷ್ಟು ಹೆಚ್ಚುತ್ತದೆ. ಹತ್ತಿ ಬಟ್ಟೆ ಹೊದಿಸಿ, ಗೋಡೆಯಿಂದ ಒಂದಡಿ ದೂರವಿಡಿ, ಕೋಣೆಯಲ್ಲಿ ಫ್ಯಾನ್ ದಿನಕ್ಕೆ ಕೆಲವು ಗಂಟೆ ತಿರುಗಲಿ. ಮೇಜಿನ ಕಾಲುಗಳ ಬುಡವನ್ನು ವಾರಕ್ಕೊಮ್ಮೆ ಬ್ಯಾಟರಿ ಹಿಡಿದು ನೋಡಿ, ಗೆದ್ದಲಿನ ಮಣ್ಣುಗೆರೆ ಕಂಡರೆ ಅವತ್ತೇ ಕೆರೆದು ಔಷಧಿ ಹಚ್ಚಿ. ಬಿಳಿ ಬೂಷ್ಟು ಎಲ್ಲಾದರೂ ಕಾಣಿಸಿದರೆ ಒಣ ಬ್ರಷ್ಷಿನಿಂದ ಉಜ್ಜಿ ಹರಡಿಸದೆ, ಆಲ್ಕೋಹಾಲ್ ಸಿಂಪಡಿಸಿ ಒಣಗಲು ಬಿಟ್ಟು ಆಮೇಲೆ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಬಟ್ಟೆ ಕಟ್ಟಿ ಎಳೆಯಿರಿ. ಅಕ್ಟೋಬರಿನಲ್ಲಿ ಹೊದಿಕೆ ತೆಗೆದಾಗ ತರಗೆಲೆಯ ಪದರ, ಬದುವಿನ ದಾರ ಎರಡನ್ನೂ ಬೆರಳಲ್ಲಿ ಒತ್ತಿ ನೋಡಿ. ಬಿಟ್ಟುಕೊಂಡ ಕಡೆಗೆಲ್ಲ ಡ್ರಾಪರಿನಿಂದ ಅಂಟು ಹನಿಸಿ, ಹಳಿಯನ್ನು ಇನ್ನೊಮ್ಮೆ ಒರೆಸಿದ ಮೇಲೆ ರೈಲು ಬಿಡಿ.